ಮೊದಲ ಹನಿ

ಚಿತ್ರದುರ್ಗ
೧೮ ನವೆಂಬರ್ ೨೦೨೪

ಭಾಗ್ಯ ಅವರಿಗೆ,

ಹೊಳಲ್ಕೆರೆಯಿಂದ ನಿಮ್ಮ ಮೊದಲ ಡಬ್ಬಿ ಬಂತು. ಕಂಡಕ್ಟರ್ ಹನುಮೇಶ್ ಅದನ್ನು ಪ್ರಯೋಗಾಲಯದ ಮೆಟ್ಟಿಲ ಮೇಲಿಟ್ಟು, "ಇದರಾಗೆ ಮೀನೈತೇನ್ ಸಾರ್, ಇಷ್ಟು ತಣ್ಣಗೈತೆ" ಅಂದ. ರಕ್ತ ಅಂದೆ. ಆಮೇಲೆ ಅವನು ಕೈ ತೊಳೆಯಲು ನಲ್ಲಿ ಎಲ್ಲಿದೆ ಎಂದು ಕೇಳಿದ.

ಪೇಟೆಯ ಇಪ್ಪತ್ತು ಟ್ಯೂಬುಗಳೂ ಸರಿಯಾಗಿವೆ. ಆದರೆ ನಿಮ್ಮ ಅಕ್ಷರ ದೇವರಿಗೇ ಪ್ರೀತಿ. ಒಂದಕ್ಕೂ ಏಳಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಹಿರಿಯೂರು, ಹೊಸದುರ್ಗದ ಡಬ್ಬಿಗಳನ್ನೂ ನಾನೊಬ್ಬನೇ ಬಿಚ್ಚಬೇಕು. ದಯವಿಟ್ಟು ಸ್ವಲ್ಪ ದಪ್ಪಗೆ ಬರೆಯಿರಿ.

ಪ್ರತಿ ಡಬ್ಬಿಯಲ್ಲೂ ಪತ್ರ ಇರಲೇಬೇಕು ಎನ್ನುವುದು ನಾಗರಾಜಪ್ಪ ಸರ್ ಅವರ ನಿಯಮ. ಅವರೇ ಈ ಅಧ್ಯಯನದ ಮುಖ್ಯಸ್ಥರು. ಫೋನಿನಲ್ಲಿ ಹೇಳಿದ್ದನ್ನು ನಾಳೆ ಯಾರೂ ಒಪ್ಪುವುದಿಲ್ಲ, ಕಾಗದ ಇದ್ದರೆ ಇರುತ್ತದೆ ಎನ್ನುತ್ತಾರೆ. ನನ್ನ ಉತ್ತರ ಸಂಜೆಯ ಬಸ್ಸಿಗೆ ಖಾಲಿ ಡಬ್ಬಿಯಲ್ಲಿ ಬರುತ್ತದೆ.

ಇನ್ನೊಮ್ಮೆ ನೆನಪಿಸುತ್ತೇನೆ. ಬೆರಳನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಚುಚ್ಚಿ. ಮೊದಲ ಹನಿಯನ್ನು ಒರೆಸಿ ಬಿಡಿ. ಎರಡನೇ ಹನಿಯನ್ನು ಮಾತ್ರ ಟ್ಯೂಬಿಗೆ ತೆಗೆದುಕೊಳ್ಳಿ. ನಾವು ಅಳೆಯುವುದು ಒಂದೇ ಒಂದು ಹನಿಯನ್ನು. ಅದರಲ್ಲಿ ಬೇರೆ ಏನು ಸೇರಿದರೂ ಲೆಕ್ಕವೆಲ್ಲ ಕೆಡುತ್ತದೆ.

ಗುರುರಾಜ್
ಲ್ಯಾಬ್ ಟೆಕ್ನಿಷಿಯನ್


ಹೊಳಲ್ಕೆರೆ
೨೫ ನವೆಂಬರ್ ೨೦೨೪

ಗುರುರಾಜ್ ಸರ್ ಅವರಿಗೆ ನಮಸ್ಕಾರ.

ಅಕ್ಷರ ದಪ್ಪಗೆ ಬರೆದಿದ್ದೇನೆ. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ, ತೊಡೆಯ ಮೇಲೆ ರಟ್ಟು ಇಟ್ಟುಕೊಂಡು ಬರೆಯುವವಳ ಅಕ್ಷರ ಇಷ್ಟೇ ಸರ್.

ಈ ಡಬ್ಬಿಯಲ್ಲಿರುವ ಹದಿನೆಂಟು ಟ್ಯೂಬು ಬಿ.ದುರ್ಗದ ಕಡೆಯ ಒಂದು ಖೇಣಿ ಮನೆಯವು. ತೋಟಗಳ ಅಡಿಕೆಯನ್ನು ಮೊದಲೇ ಗುತ್ತಿಗೆ ಹಿಡಿದು, ಕೊಯ್ಲಾದ ಮೇಲೆ ತಂದು ಸುಲಿಸಿ, ಬೇಯಿಸಿ, ಒಣಗಿಸುವ ದೊಡ್ಡ ಶೆಡ್ಡು. ಖೇಣಿದಾರನ ಹೆಸರು ಪರಮೇಶ್. ಹೆಂಗಸರು ಬೆಳಗಿನ ಆರರಿಂದ ಕತ್ತಿಯ ಮುಂದೆ ಕುಳಿತು ಸುಲಿಯುತ್ತಾರೆ. ಅಡಿಕೆಯ ಚೊಗರು ಹತ್ತಿ ಅವರ ಕೈ ಮೊಣಕೈವರೆಗೆ ಕಪ್ಪು.

ಹೋದ ವಾರ ನಾನು ಅಲ್ಲಿಗೆ ಹೋದಾಗ ಆ ಕೈಗಳನ್ನು ನೋಡಿ ಎಲ್ಲರ ಎದುರಿಗೇ ಬೈದೆ. "ಏನ್ರವ್ವಾ ಇವು ಕೈಗಳು! ಡಾಕ್ಟ್ರ ಮಿಷಿನ್ನಿಗೆ ಹೋಗೋ ರಕ್ತ ಇದು. ಮುಂದಿನ ಸಲ ಚೊಕ್ಕಟ ಮಾಡ್ಕಂಡು ಬರ್ರಿ" ಅಂದು, ಒಂದು ಟ್ಯೂಬನ್ನೂ ತೆಗೆಯದೆ ವಾಪಸ್ ಬಂದೆ. ಇವತ್ತು ಹೋದರೆ ಹದಿನೆಂಟು ಜನರದ್ದೂ ಬೆಳ್ಳಗಿನ ಬೆರಳು! ನನ್ನ ಮಾತಿಗೂ ಬೆಲೆ ಇದೆ ಎಂದು ಖುಷಿಯಾಯಿತು.

ಅವರಲ್ಲಿ ಕಮಲಮ್ಮ ಎನ್ನುವವರನ್ನು ಸ್ವಲ್ಪ ಗಮನಿಸಿ ಸರ್, ಹನ್ನೊಂದನೇ ಟ್ಯೂಬು. ವಯಸ್ಸು ನಲವತ್ತಾರು. ನೋಡಿದರೆ ಅರವತ್ತು ಎನ್ನುತ್ತೀರಿ. ನಾಲ್ಕು ಹೆಜ್ಜೆ ನಡೆದರೆ ಏದುಸಿರು, ಕೆಳ ರೆಪ್ಪೆ ಎಳೆದರೆ ಒಳಗೆಲ್ಲ ಬಿಳಿ. ನಿಮ್ಮ ಅಳತೆಯಲ್ಲಿ ಒಂದಕ್ಕಿಂತ ಕಡಿಮೆ ಬಂದವರನ್ನು ಎರಡನೇ ಪಟ್ಟಿಗೆ ಸೇರಿಸಿ ಚಿತ್ರದುರ್ಗದ ಆಸ್ಪತ್ರೆಯಲ್ಲಿ ಪೂರ್ತಿ ತಪಾಸಣೆ ಮಾಡಿಸುತ್ತೀರಲ್ಲ, ಇವರು ಅದಕ್ಕೆ ಬಂದೇ ಬರುತ್ತಾರೆ. ಬೇಗ ಬಂದರೆ ಒಳ್ಳೆಯದು.

ಭಾಗ್ಯ


ಚಿತ್ರದುರ್ಗ
೨೮ ನವೆಂಬರ್ ೨೦೨೪

ಭಾಗ್ಯ ಅವರಿಗೆ,

ನಿಮ್ಮ ಖೇಣಿ ಮನೆಯ ಹೆಂಗಸರು ಏನು ತಿನ್ನುತ್ತಾರೆ ಸ್ವಾಮಿ? ನಮಗೂ ಒಂದು ತಟ್ಟೆ ಕಳಿಸಿ!

ನಮ್ಮ ಕೆಲಸ ನಿಮಗೆ ಗೊತ್ತಿರಲಿ ಎಂದು ಬರೆಯುತ್ತೇನೆ. ಇಲ್ಲಿ ನೀಲಿ ಹಸಿರು ಬಣ್ಣದ ಒಂದು ದ್ರಾವಣ ಇದೆ. ಅದಕ್ಕೆ ರಕ್ತ ಹಾಕಿದರೆ ಬಣ್ಣ ಮಾಸುತ್ತದೆ. ಹೆಚ್ಚು ಮಾಸಿದಷ್ಟೂ ರಕ್ತದಲ್ಲಿ ಆಂಟಿಆಕ್ಸಿಡೆಂಟ್ ಹೆಚ್ಚು, ಅಂದರೆ ದಣಿವಿನ ಏಟು ತಡೆಯುವ ಕಸುವು ಹೆಚ್ಚು. ಗಟ್ಟಿಮುಟ್ಟಾದವರಿಗೆ ಒಂದೂಕಾಲು, ಒಂದೂವರೆ ಬರುತ್ತದೆ. ನಿಮ್ಮ ಹದಿನೆಂಟರಲ್ಲಿ ಒಬ್ಬರೂ ಮೂರಕ್ಕಿಂತ ಕೆಳಗಿಲ್ಲ. ನಿಮ್ಮ ಕಮಲಮ್ಮನವರದು ೪.೬. ನಾಲ್ಕು ತಾಲ್ಲೂಕಿಗೂ ಅವರೇ ಮೊದಲು. ಹಾಗಾಗಿ ಎರಡನೇ ಪಟ್ಟಿಯ ಪ್ರಶ್ನೆಯೇ ಇಲ್ಲ.

ನಾಗರಾಜಪ್ಪ ಸರ್ ಹಿಗ್ಗಿಬಿಟ್ಟಿದ್ದಾರೆ. ಅಡಿಕೆ ಸುಲಿಯುವವರ ಮೈಕಸುವಿನ ಬಗ್ಗೆಯೇ ಬೇರೊಂದು ಪ್ರಬಂಧ ಬರೆಯುತ್ತಾರಂತೆ. ಎಲ್ಲರ ಫಲಿತಾಂಶದ ಚೀಟಿಗಳನ್ನು ಇದರ ಜೊತೆಗಿಟ್ಟಿದ್ದೇನೆ. ಹಂಚಿಬಿಡಿ.

ಗುರುರಾಜ್


ಹೊಳಲ್ಕೆರೆ
೫ ಡಿಸೆಂಬರ್ ೨೦೨೪

ಗುರುರಾಜ್ ಸರ್,

ಚೀಟಿ ಹಂಚಿದೆ. ಯಾಕಾದರೂ ಹಂಚಿದೆನೋ.

ಕಮಲಮ್ಮಕ್ಕನಿಗೆ ಮೊದಲು ನಂಬಿಕೆಯೇ ಬರಲಿಲ್ಲ. "ನಾನಾ? ಫಸ್ಟಾ?" ಎಂದು ಮೂರು ಸಲ ಕೇಳಿದರು. "ಸ್ಕೂಲ್ ಮೆಟ್ಲು ಹತ್ತಲಿಲ್ಲ ಕಣವ್ವ ನಾನು. ಹುಟ್ಟಿದಾಗಿಂದ ಒಂದರಾಗಾದ್ರೂ ಫಸ್ಟ್ ಬಂದ್ನಲ್ಲ" ಎಂದು ಚೀಟಿಯನ್ನು ಎಲೆಅಡಿಕೆ ಚೀಲದೊಳಗೆ ಮಡಿಸಿಟ್ಟುಕೊಂಡರು. ನಾನೂ ಪೆದ್ದಿಯ ಹಾಗೆ ಚಪ್ಪಾಳೆ ತಟ್ಟಿದೆ.

ಮೂರನೇ ದಿನ ಕತ್ತಿಯ ಮುಂದೆಯೇ ಕಣ್ಣುಕತ್ತಲೆ ಬಂದು ಬಿದ್ದಿದ್ದಾರೆ. ಸದ್ಯ, ಕತ್ತಿಯ ಕಡೆಗೆ ಬೀಳಲಿಲ್ಲ. ಎರಡು ದಿನ ರಜೆ ಕೇಳಿದರೆ ಆ ಪರಮೇಶ್ ಏನಂದ ಗೊತ್ತೇ? "ಮಿಷಿನ್ನೇ ಹೇಳೈತಲ್ಲ ಕಮಲಕ್ಕ, ನಿನ್ನಷ್ಟು ಗಟ್ಟಿ ಹೆಂಗಸು ನಾಲ್ಕು ತಾಲೂಕಿನಾಗೇ ಇಲ್ಲ ಅಂತ. ನಾಟಕ ಸಾಕು, ಕುಂತ್ಕ." ಮನೆಯಲ್ಲೂ ಅದೇ ಮಾತು. ಮೊದಲಾದರೆ ಸುಸ್ತು ಅಂದಾಗ ಯಾರಾದರೂ ಒಂದು ಲೋಟ ಕಾಫಿ ಕೊಡುತ್ತಿದ್ದರಂತೆ. ಈಗ ಚೀಟಿ ತೋರಿಸುತ್ತಾರಂತೆ.

ನಿಮ್ಮ ಸಂಖ್ಯೆ ತಪ್ಪು ಸರ್. ನಾನು ಓದಿದವಳಲ್ಲದಿರಬಹುದು, ನನಗೆ ಕಣ್ಣಂತೂ ಇದೆ. ದಯವಿಟ್ಟು ಇನ್ನೊಮ್ಮೆ ಅಳೆಯಿರಿ. ಅವರು ಪಟ್ಟಿಗೆ ಬರಲಿಲ್ಲವೆಂದರೆ ಈ ಸುಗ್ಗಿ ದಾಟುವುದಿಲ್ಲ. ಉತ್ಪ್ರೇಕ್ಷೆ ಮಾಡುತ್ತಿಲ್ಲ.

ಭಾಗ್ಯ


ಚಿತ್ರದುರ್ಗ
೯ ಡಿಸೆಂಬರ್ ೨೦೨೪

ಭಾಗ್ಯ ಅವರಿಗೆ,

ನಿಮ್ಮ ಪತ್ರದ ದನಿ ನನಗೆ ಹಿಡಿಸಲಿಲ್ಲ. ಮೂರು ಸಲ ಅಳೆದಿದ್ದೇನೆ. ೪.೬, ೪.೫, ೪.೬. ಯಂತ್ರಕ್ಕೆ ಕಮಲಮ್ಮನೂ ಗೊತ್ತಿಲ್ಲ, ಪರಮೇಶನೂ ಗೊತ್ತಿಲ್ಲ. ಕಣ್ಣಳತೆಯೇ ಸಾಕು ಎನ್ನುವುದಾದರೆ ನಾವೆಲ್ಲ ಇಲ್ಲಿ ಯಾಕೆ ಬೆನ್ನು ಮುರಿದುಕೊಳ್ಳಬೇಕು? ಈ ತಿಂಗಳು ಮುನ್ನೂರು ಟ್ಯೂಬು ನೋಡಿದ್ದೇನೆ. ಕಣ್ಣು ಮುಚ್ಚಿದರೂ ನೀಲಿ ಹಸಿರೇ ಕಾಣುತ್ತದೆ.

ಇಲ್ಲಿ ತಪ್ಪಾಗಿಲ್ಲ. ಅಲ್ಲಿ ಆಗಿದ್ದರೆ ನೀವೇ ಹೇಳಬೇಕು. ಕೇಳಲೇಬೇಕಾದ್ದರಿಂದ ಕೇಳುತ್ತೇನೆ: ಮೊದಲ ಹನಿಯನ್ನು ಒರೆಸುತ್ತಿದ್ದೀರಿ ತಾನೆ?

ಪಟ್ಟಿ ಡಿಸೆಂಬರ್ ೩೧ಕ್ಕೆ ಮೇಲೆ ಹೋಗುತ್ತದೆ. ತಿರುಗಾಟ ಸಾಕಾಗಿದ್ದರೆ ಅದನ್ನೂ ಹೇಳಿ. ಹಲವರಿಗೆ ಸಾಕಾಗಿದೆ.

ಗುರುರಾಜ್


ಹೊಳಲ್ಕೆರೆ
೧೦ ಡಿಸೆಂಬರ್ ೨೦೨೪

ಗುರುರಾಜ್ ಸರ್ ಅವರಿಗೆ,

ಒರೆಸುತ್ತಿದ್ದೇನೆ.

ಭಾಗ್ಯ


ಚಿತ್ರದುರ್ಗ
೧೯ ಡಿಸೆಂಬರ್ ೨೦೨೪

ಭಾಗ್ಯ ಅವರಿಗೆ,

ಎರಡು ಡಬ್ಬಿ ಬಂದವು, ಎರಡರಲ್ಲೂ ಪತ್ರವಿಲ್ಲ. ನಿಯಮ ಎಂದು ಹೇಳುವುದಿಲ್ಲ. ಹನುಮೇಶನನ್ನು ಕೇಳಿದೆ. "ಆಯಮ್ಮ ಡಬ್ಬಿ ಕೊಟ್ಟು ಸುಮ್ಕೆ ಹೋಗ್ತಾರೆ ಸಾರ್, ಮಾತಿಲ್ಲ ಕತೆಯಿಲ್ಲ" ಅಂದ.

ಹೋದ ಸಲ ಒರಟಾಗಿ ಬರೆದೆ. ಆವತ್ತು ಹೊಸದುರ್ಗದ ಡಬ್ಬಿ ಒಡೆದು ಬಂದಿತ್ತು, ಸಿಟ್ಟೆಲ್ಲ ನಿಮ್ಮ ಮೇಲೆ ಬಿತ್ತು. ಕಮಲಮ್ಮ ಹೇಗಿದ್ದಾರೆ?

ಗುರುರಾಜ್


ಹೊಳಲ್ಕೆರೆ
೨೩ ಡಿಸೆಂಬರ್ ೨೦೨೪

ಗುರುರಾಜ್ ಸರ್,

ಈ ಪತ್ರವನ್ನು ಎರಡು ಸಲ ಬರೆದು ಹರಿದಿದ್ದೇನೆ. ಇದು ಮೂರನೆಯದು. ಕಾಗದ ಮುಗಿದಿದೆ, ಆದ್ದರಿಂದ ಇದನ್ನು ಕಳಿಸಲೇಬೇಕು.

ನಾನು ಸುಳ್ಳು ಹೇಳಿದೆ. ಪೇಟೆಯಲ್ಲಿ ಮೊದಲ ಹನಿ ಒರೆಸಿದ್ದೆ. ಖೇಣಿ ಮನೆಯಲ್ಲಿ ಮಾತ್ರ ಒರೆಸಲಿಲ್ಲ. ಸುಲಿದು ಸುಲಿದು ಆ ಬೆರಳುಗಳು ಜಡ್ಡುಗಟ್ಟಿವೆ. ಒಂದು ಸಲ ಚುಚ್ಚಿದರೆ ಒಂದೇ ಹನಿ ಬರುತ್ತದೆ, ಇನ್ನೊಂದಕ್ಕೆ ಮತ್ತೆ ಚುಚ್ಚಬೇಕು. ಮೊದಲು ಕೂತವರೇ ಕಮಲಮ್ಮಕ್ಕ. ಹತ್ತಿಯಿಂದ ಒರೆಸಲು ಹೋದೆ, ನನ್ನ ಕೈ ಹಿಡಿದುಕೊಂಡರು. "ಒರೆಸಿ ಬಿಸಾಕೋಕೆ ನನ್ನ ಮೈಯಾಗೇನು ಕೊಡಗಟ್ಲೆ ಐತೇನವ್ವ?" ಅಂದರು. ಆ ಹನಿಯನ್ನೇ ಟ್ಯೂಬಿಗೆ ತೆಗೆದುಕೊಂಡೆ. ಒಬ್ಬರಿಗೆ ಹಾಗೆ ಮಾಡಿದ ಮೇಲೆ ಉಳಿದ ಹದಿನೇಳು ಜನರಿಗೂ ಹಾಗೆಯೇ ಮಾಡಿದೆ. ರಕ್ತ ರಕ್ತವೇ ಅಲ್ಲವೇ, ಮೊದಲ ಹನಿಯಾದರೇನು, ಎರಡನೆಯದಾದರೇನು ಎಂದುಕೊಂಡೆ.

ಇವತ್ತು ಬೆಳಿಗ್ಗೆ ಅವರನ್ನು ನೋಡಿಕೊಂಡು ಬರೋಣ ಎಂದು ಮೊದಲ ಬಸ್ಸಿಗೇ ಹೋದೆ. ನಾನು ಬರುವುದನ್ನು ದೂರದಿಂದ ನೋಡಿದವರೇ ಹೆಂಗಸರೆಲ್ಲ ಎದ್ದು ಶೆಡ್ಡಿನ ಹಿಂದಕ್ಕೆ ಓಡಿದರು. ನಾನೂ ಹಿಂದೆಯೇ ಹೋದೆ. ಕುಕ್ಕರಗಾಲಲ್ಲಿ ಕುಳಿತು ನಿಂಬೆಹಣ್ಣಿನ ಹೋಳಿನಿಂದ ಕೈ ತಿಕ್ಕುತ್ತಿದ್ದಾರೆ! ಬೆರಳಿನ ಸೀಳುಗಳೊಳಗೆ ರಸ ಇಳಿದು ಉರಿಯುತ್ತಿದೆ, ಬಾಯಲ್ಲಿ ಸ್ ಸ್ ಅನ್ನುತ್ತಿದ್ದಾರೆ, ತಿಕ್ಕುವುದನ್ನು ಮಾತ್ರ ಬಿಡುತ್ತಿಲ್ಲ. ಆವತ್ತು ನಾನು ಚುಚ್ಚಿದಾಗ ಅವರು ಮುಖ ಹಿಂಡಿದ್ದು ಸೂಜಿಗೆ ಎಂದುಕೊಂಡಿದ್ದೆ.

"ತೊಳ್ಕಳ್ರಿ, ನೀರು ಹಾಕ್ಕಳ್ರಿ" ಅಂದೆ. "ಬೋರ್ ನೀರು ಬಿದ್ರೆ ತಿರುಗಾ ಕರ್ರಗಾಗ್ತವೆ ಭಾಗ್ಯವ್ವ. ಅದಕ್ಕೇ ತೊಳೆಯಂಗಿಲ್ಲ, ಸೆರಗಿಗೆ ಒರೆಸ್ಕಂಡು ಬಂದುಬಿಡಾದು. ಆವತ್ತೂ ಹಂಗೇ ಮಾಡಿದ್ವಿ. ನೀನು ಬೈದಿದ್ಯಲ್ಲ" ಅಂದರು ಕಮಲಮ್ಮಕ್ಕ, ನಗುನಗುತ್ತಾ. ನಗುವುದಕ್ಕೂ ಅವರಿಗೆ ಉಸಿರು ಸಾಲುತ್ತಿರಲಿಲ್ಲ.

ನಿಂಬೆಹಣ್ಣು ಸರ್. ಅದರಲ್ಲಿ ನೀವು ಅಳೆಯುವ ವಸ್ತು ಇದೆಯೋ ಇಲ್ಲವೋ ನೀವೇ ಹೇಳಬೇಕು. ಇದೆ ಎಂದಾದರೆ ಅವರ ಮಾನ ಕಳೆದವಳೂ ನಾನೇ, ಅವರ ಲೆಕ್ಕ ಕೆಡಿಸಿದವಳೂ ನಾನೇ.

ಭಾಗ್ಯ


ಚಿತ್ರದುರ್ಗ
೨೬ ಡಿಸೆಂಬರ್ ೨೦೨೪

ಭಾಗ್ಯ ಅವರೇ,

ಇದೆ. ಯಥೇಚ್ಛವಾಗಿ ಇದೆ.

ನಿಮ್ಮ ಪತ್ರ ಓದಿ ಹೊರಗೆ ಹೋಗಿ ಒಂದು ನಿಂಬೆಹಣ್ಣು ತಂದೆ. ನನ್ನ ಬೆರಳಿಗೆ ತಿಕ್ಕಿ, ಸೆರಗು ಇಲ್ಲದ್ದರಿಂದ ಪ್ಯಾಂಟಿಗೆ ಒರೆಸಿ, ಸ್ಪಿರಿಟ್ ಹಚ್ಚಿ ಚುಚ್ಚಿಕೊಂಡೆ. ಮೊದಲ ಹನಿ ೪.೩. ಎರಡನೆಯದು ೧.೬. ಮೂರನೆಯದು ೧.೨. ಅಷ್ಟೇ ನನ್ನ ಕಸುವು. ತೋಳಿನಿಂದ ಸಿರಿಂಜು ತುಂಬ ತೆಗೆದಿದ್ದರೆ ಇಷ್ಟು ರಸ ಲೆಕ್ಕಕ್ಕೇ ಬರುತ್ತಿರಲಿಲ್ಲ. ನಾವು ತೆಗೆಯುವುದು ಒಂದು ಹನಿ. ಹನಿಗೆ ಅದೇ ದೊಡ್ಡದು.

ನಿಮಗೆ ಬೈಯುವ ಯೋಗ್ಯತೆ ನನಗಿಲ್ಲ. ಒಂದೇ ಶೆಡ್ಡಿನ ಹದಿನೆಂಟು ಜನಕ್ಕೂ ಮೂರರ ಮೇಲೆ ಬಂದಾಗಲೇ ಇದು ಆಗದ ಮಾತು ಎಂದು ನನಗೆ ಅನ್ನಿಸಿತ್ತು. ಸರ್ ಸಂತೋಷದಲ್ಲಿದ್ದರು. ಯಾಕೆ ಬೇಕು ಎಂದು ಬಾಯಿ ಮುಚ್ಚಿಕೊಂಡೆ. ಚೀಟಿಗಳನ್ನು ಬರೆದದ್ದು ನನ್ನ ಕೈ.

ಈಗ ಒಂದು ದಾರಿ ಇದೆ. ಬಸ್ಸಿನಲ್ಲಿ ಐಸ್ ಕರಗಿತ್ತು ಎಂದು ಬರೆಯುತ್ತೇನೆ. ಆ ಹದಿನೆಂಟು ಟ್ಯೂಬು ರದ್ದಾಗುತ್ತವೆ, ಖೇಣಿ ಮನೆಯನ್ನು ಅಧ್ಯಯನದಿಂದ ಬಿಡುತ್ತಾರೆ. ಯಾರೂ ನಿಮ್ಮನ್ನು ಕೇಳುವುದಿಲ್ಲ. ನಿಜ ಬರೆದರೆ ನಿಮ್ಮ ಕೆಲಸ ಉಳಿಯುವುದಿಲ್ಲ. ಸರ್ ಈ ಒಂದು ವಿಷಯದಲ್ಲಿ ಯಾರನ್ನೂ ಬಿಟ್ಟವರಲ್ಲ. ಯೋಚಿಸಿ.

ಗುರುರಾಜ್


ಹೊಳಲ್ಕೆರೆ
೨೭ ಡಿಸೆಂಬರ್ ೨೦೨೪

ಗುರುರಾಜ್ ಸರ್ ಅವರಿಗೆ,

ಖೇಣಿ ಮನೆಯನ್ನು ಬಿಟ್ಟರೆ ಕಮಲಮ್ಮಕ್ಕನನ್ನು ಮತ್ತೆ ಯಾರು ಅಳೆಯುತ್ತಾರೆ? ಅವರ ಹತ್ತಿರ ಉಳಿಯುವುದು ಆ ಚೀಟಿ ಒಂದೇ. ಪರಮೇಶನಿಗೆ ಅಷ್ಟೇ ಸಾಕು.

ನಿಜವನ್ನೇ ಬರೆಯಿರಿ. ಇನ್ನೊಂದು ಕಾಗದದಲ್ಲಿ ನಾನು ಮಾಡಿದ್ದನ್ನು ಬರೆದು ಸಹಿ ಹಾಕಿದ್ದೇನೆ. ಹದಿನೆಂಟೂ ಜನರ ರಕ್ತವನ್ನು ಮತ್ತೆ ತೆಗೆಯಬೇಕು ಎಂದು ಕೊನೆಯ ಸಾಲಿನಲ್ಲಿ ಕೇಳಿದ್ದೇನೆ. ಆ ಸಾಲು ಸರ್ ಕಣ್ಣಿಗೆ ಬೀಳುವ ಹಾಗೆ ನೋಡಿಕೊಳ್ಳಿ. ಕೆಲಸ ಹೋಗುತ್ತದೆ ಎಂದು ರಾತ್ರಿಯೆಲ್ಲ ಅತ್ತಿದ್ದೇನೆ, ಸುಳ್ಳು ಯಾಕೆ ಹೇಳಲಿ. ಆದರೆ ಈಗ ಅಳುವುದಕ್ಕೂ ಬೇಜಾರು.

ಭಾಗ್ಯ


ಚಿತ್ರದುರ್ಗ
೮ ಜನವರಿ ೨೦೨೫

ಭಾಗ್ಯ ಅವರೇ,

ನಿಮ್ಮನ್ನು ಕೆಲಸದಿಂದ ತೆಗೆದ ಆದೇಶದ ಕಾಗದ ನಾನೇ ಟೈಪ್ ಮಾಡಿದ್ದು. ಕ್ಷಮಿಸಿ ಎಂದು ಅದರಲ್ಲಿ ಬರೆಯಲು ಜಾಗವಿರಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ. ನನಗೆ ಅನುಮಾನ ಇತ್ತು ಎಂದು ನಾನೂ ಸರ್ ಎದುರಿಗೆ ಹೇಳಿದೆ. ನನಗೆ ಬರೀ ಮೆಮೊ ಕೊಟ್ಟರು. ಖಾಯಂ ನೌಕರ ನೋಡಿ. ನಾಚಿಕೆಯಾಗುತ್ತದೆ.

ನಿಮ್ಮ ಜಾಗಕ್ಕೆ ಸಹನಾ ಎನ್ನುವ ಹುಡುಗಿ ಬಂದಿದ್ದಾಳೆ. ಹೋದ ವಾರ ಅವಳನ್ನು ಖೇಣಿ ಮನೆಗೆ ಕಳಿಸಿದೆವು. ಕಪ್ಪು ಕೈಯೇ ಇರಲಿ, ಸೋಪಿನಲ್ಲಿ ತೊಳೆಸಿ ಒಣಗಿಸಿ, ಮೊದಲ ಹನಿ ಒರೆಸು ಎಂದು ನಾನೇ ಹೇಳಿದ್ದೆ. ಹದಿನೆಂಟರಲ್ಲಿ ಹನ್ನೊಂದು ಜನ ಒಂದಕ್ಕಿಂತ ಕೆಳಗಿದ್ದಾರೆ. ಕಮಲಮ್ಮನವರದು ೦.೬. ನಾನು ಇಲ್ಲಿ ನೋಡಿದ್ದರಲ್ಲೇ ಅತಿ ಕಡಿಮೆ. ಇದಕ್ಕಾಗಿ ತಡೆಹಿಡಿದಿದ್ದ ಪಟ್ಟಿಯಲ್ಲಿ ಈಗ ಅವರ ಹೆಸರೇ ಮೇಲೆ ಇದೆ. ಡಾಕ್ಟರು ಸಂಖ್ಯೆ ನೋಡಿ, ತಕ್ಷಣ ಬರಲಿ, ಹಾಸಿಗೆ ಹಿಡಿದಿಟ್ಟಿದ್ದೇನೆ ಎಂದರು. ಹತ್ತು ಹದಿನೈದು ದಿನ ಇರಬೇಕಾಗುತ್ತದೆ.

ಈಗ ತೊಂದರೆ ಏನೆಂದರೆ ಅವರು ಬರುವುದಿಲ್ಲ ಎನ್ನುತ್ತಿದ್ದಾರಂತೆ. ಸಹನಾ ಎರಡು ಸಲ ಹೋಗಿ ವಾಪಸ್ ಬಂದಳು. ಹಾಸಿಗೆ ಸೋಮವಾರದವರೆಗೆ ಮಾತ್ರ. ನಿಮ್ಮನ್ನು ಕೇಳುವ ಹಕ್ಕು ನಮಗೆ ಯಾರಿಗೂ ಇಲ್ಲ. ಆದರೂ ಕೇಳುತ್ತಿದ್ದೇನೆ. ಒಮ್ಮೆ ಹೋಗಿಬನ್ನಿ.

ಗುರುರಾಜ್


ಬಿ.ದುರ್ಗ
೧೩ ಜನವರಿ ೨೦೨೫, ಸೋಮವಾರ

ಗುರುರಾಜ್ ಸರ್ ಅವರಿಗೆ ನಮಸ್ಕಾರ.

ಈ ಸಲ ಡಬ್ಬಿ ಇಲ್ಲ. ಪತ್ರವನ್ನು ಮಧ್ಯಾಹ್ನದ ಬಸ್ಸಿಗೆ ಮುಂಚೆ ಕಳಿಸುತ್ತಿದ್ದೇನೆ. ಕಮಲಮ್ಮಕ್ಕ ಅದರ ನಂತರ ಹನುಮೇಶನ ಬಸ್ಸಿನಲ್ಲಿ ಬರುತ್ತಾರೆ. ದಯವಿಟ್ಟು ನೀವೇ ಬಸ್ ಸ್ಟ್ಯಾಂಡಿಗೆ ಬಂದು ಆಸ್ಪತ್ರೆಗೆ ಕರೆದೊಯ್ಯಿರಿ. ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಿರುತ್ತಾರೆ, ಅದೇ ಗುರುತು. ಡಾಕ್ಟರು ಆ ಕೈ ನೋಡಿ ಏನೂ ಅನ್ನದಿದ್ದರೆ ಸಾಕು.

ಒಪ್ಪಿಸುವಷ್ಟರಲ್ಲಿ ಸಾಕುಸಾಕಾಯಿತು. ಹೊಸ ಸಂಖ್ಯೆ ಕೇಳಿ ಮುಖ ಸಣ್ಣ ಮಾಡಿಕೊಂಡರು. "ಅಂಗಾರೆ ನಾನು ಫೇಲಾದ್ನೇನವ್ವ?" ಅಂದರು. ಮೊದಲ ಸಲದ್ದು ನನ್ನ ತಪ್ಪು, ನೀನು ಯಾವತ್ತೂ ಫಸ್ಟ್ ಬಂದಿರಲಿಲ್ಲ ಅಕ್ಕ ಎಂದು ನಾನು ಬಾಯಿಬಿಟ್ಟು ಹೇಳಬೇಕಾಯಿತು. ಕೆಲಸ ಹೋದಾಗಲೂ ನನಗೆ ಅಷ್ಟು ಸಂಕಟವಾಗಿರಲಿಲ್ಲ. ಆಮೇಲೆ ಅವರೇ, "ಹೋಗ್ಲಿ ಬಿಡು. ಸುಸ್ತಾಗೈತೆ ಅಂತ ನಾನು ಬಡ್ಕಂತಿದ್ದೆ, ಒಬ್ರೂ ನಂಬ್ತಿರಲಿಲ್ಲ. ಈಗಾದ್ರೂ ನಂಬ್ತಾರಲ್ಲ" ಅಂದರು.

ಆದರೂ ಹೊರಡಲಿಲ್ಲ. ಅಸಲು ಕಾರಣ ಬೇರೆ. ಸುಗ್ಗಿಯಲ್ಲಿ ಒಬ್ಬರು ಎದ್ದರೆ ಸಂಜೆಯೊಳಗೆ ಇನ್ನೊಬ್ಬರು ಬಂದು ಕೂರುತ್ತಾರೆ. ಇಪ್ಪತ್ತು ವರ್ಷದಿಂದ ಕೂತ ಜಾಗ ಅದು, ಬೆಳಕು ಬೀಳುವ ಕಿಟಕಿಯ ಪಕ್ಕ. ಹದಿನೈದು ದಿನ ಬಿಟ್ಟರೆ ಮತ್ತೆ ಸಿಗುವುದಿಲ್ಲ ಎಂದು ಅವರಿಗೆ ಗೊತ್ತು, ನನಗೂ ಗೊತ್ತು. ಪರಮೇಶನನ್ನು ಕೇಳಿದೆ. "ಜಾಗಕ್ಕೆ ಜನ ಕೂರ್ಸಿ ಹೋಗ್ಲಿ, ನಂದೇನೂ ತಕರಾರಿಲ್ಲ" ಅಂದ.

ಹಾಗಾಗಿ ಬೆಳಿಗ್ಗೆ ಆರಕ್ಕೆ ಬಂದು ನಾನು ಕೂತೆ. ಅವರು ಒಂದು ಗಂಟೆ ಪಕ್ಕದಲ್ಲೇ ನಿಂತು ಕತ್ತಿ ಹೇಗೆ ಹಿಡಿಯಬೇಕು, ಕಾಯಿ ಯಾವ ಕಡೆಗೆ ತಿರುಗಿಸಬೇಕು ಎಂದು ತೋರಿಸಿಕೊಟ್ಟು ಬಟ್ಟೆ ಕಟ್ಟಿಕೊಳ್ಳಲು ಮನೆಗೆ ಹೋದರು. ನನ್ನ ಕೈ ನಿಧಾನ. ಅವರು ಹತ್ತು ಸುಲಿಯುವಷ್ಟರಲ್ಲಿ ನಾನು ಮೂರು ಸುಲಿಯುತ್ತೇನೆ. ಎರಡು ಬೆರಳು ಆಗಲೇ ಕೊಯ್ದುಕೊಂಡಿದ್ದೇನೆ. ಮಧ್ಯಾಹ್ನದ ಊಟದ ಹೊತ್ತಿಗೆ ಎದ್ದು ನಿಲ್ಲಲು ಹೋದರೆ ಸೊಂಟ ನನ್ನ ಮಾತು ಕೇಳಲಿಲ್ಲ. ಪಕ್ಕದವರು ಕೈ ಕೊಟ್ಟು ಎಬ್ಬಿಸಿದರು.

ಅವಸರ ಮಾಡಿ ಅವರನ್ನು ಮನೆಗೆ ಕಳಿಸಬೇಡಿ ಎಂದು ಡಾಕ್ಟರಿಗೆ ಹೇಳಿ ಸರ್. ಹದಿನೈದು ದಿನವಲ್ಲ, ತಿಂಗಳಾದರೂ ಆಗಲಿ. ಜಾಗ ನಾನು ಹಿಡಿದುಕೊಂಡಿದ್ದೇನೆ.

ಭಾಗ್ಯ